ತೋಟದ ಇಳಿಜಾರಿನಲ್ಲಿ ಹಗುರಾದ ಸ್ಟಿಯರಿಂಗ್

ಆ ಮಾವಿನ ಸೀಸನ್ನಿನಲ್ಲಿ ನನ್ನ ದಿನಚರಿಯ ಒಂದು ಪುಟವನ್ನು ನಮ್ಮ ಪಿಕಪ್‌ ಗಾಡಿಗೆಂದೇ ಬಿಟ್ಟಿದ್ದೆ. ತಾರೀಖು, ಎಲ್ಲಿಂದ ಎಲ್ಲಿಗೆ, ಎಷ್ಟು ಕ್ರೇಟು, ಸ್ಟಿಯರಿಂಗ್ ನಡುಗಿತೋ ಇಲ್ಲವೋ. ಕ್ರೇಟು ಎಣಿಸುವುದು ನನ್ನ ಕೆಲಸ, ಗಾಡಿ ಓಡಿಸುವುದು ಅಣ್ಣನದು. ನಡುಕವನ್ನೂ ಬರೆದಿಡಲು ಶುರುಮಾಡಿದ್ದು ಹೆದರಿಕೆಯಿಂದ.

ನಮ್ಮ ತೋಟ ರಾಯಲ್ಪಾಡಿನ ಆಚೆ, ಗುಡ್ಡದ ಮೇಲೆ. ದಾರಿಯೆಂದರೆ ಮಳೆನೀರು ಕೊರೆದ ಮಣ್ಣು, ಉರುಳುವ ಜಲ್ಲಿ. ಫೋರ್ ವೀಲ್ ಡ್ರೈವ್ ಇಲ್ಲದ ಗಾಡಿ ಹತ್ತುವುದಿಲ್ಲ. ಅರ್ಧ ದಾರಿಯಲ್ಲಿ ಒಂದು ತಿರುವಿದೆ. ತಿರುವಿನ ಹೊರಬದಿಗೇ ಕಟ್ಟೆಯಿಲ್ಲದ ಹಳೆಯ ಬಾವಿ. ಕಾಯಿ ಕೀಳುವ ನಾಲ್ವರು ಹೆಂಗಸರು ಕೆಲಸ ಮುಗಿದ ಮೇಲೆ ನಮ್ಮ ಗಾಡಿಯಲ್ಲೇ ಇಳಿಯುತ್ತಿದ್ದರು.

ಗಾಡಿ ತುಂಬುವುದಕ್ಕೆ ನಮ್ಮ ಕಡೆ ಒಂದು ರೂಢಿಯಿದೆ. ಶ್ರೀನಿವಾಸಪುರದ ಮಂಡಿಯಲ್ಲಿ ಹಗ್ಗ ಬಿಚ್ಚಿದ ತಕ್ಷಣ ಕಣ್ಣಿಗೆ ಬೀಳುವ ಹಣ್ಣೇ ರೇಟು ಎತ್ತುತ್ತದೆ ಎಂದು ಎಲ್ಲರೂ ನಂಬುತ್ತಾರೆ. ಹಾಗಾಗಿ ದಪ್ಪ ಬೇನಿಷಾ ಮಾವು ತುಂಬಿದ ಕ್ರೇಟುಗಳನ್ನು ಹಿಂಬಾಗಿಲ ಹತ್ತಿರ ಎತ್ತರಕ್ಕೆ ಪೇರಿಸುತ್ತೇವೆ. ಕ್ಯಾಬಿನ್ನಿನ ಬೆನ್ನಿಗೆ ಬಲೆ, ದೋಟಿ, ಖಾಲಿ ಗೋಣಿಚೀಲ. ಸರಪಳಿಗೆ ಜೋತುಬಿದ್ದ ಹಿಂಬಾಗಿಲ ಮೇಲೆ ಹೆಂಗಸರು ಕಾಲು ಇಳಿಬಿಟ್ಟು ಕೂರುತ್ತಿದ್ದರು. ಇಷ್ಟಾದರೆ ಗಾಡಿಯ ಹಿಂಭಾಗ ಕುಸಿಯದೆ ಇರುತ್ತದೆಯೇ? ಕುಸಿಯಿತು. ಅದಕ್ಕೂ ಎಲ್ಲರ ಬಳಿ ಒಂದೇ ಮದ್ದು. ಮುಳಬಾಗಿಲಿಗೆ ಹೋಗಿ ಹಿಂದಿನ ಚಕ್ರಗಳ ಮೇಲೆ ಭಾರ ಹೊರುವ ಕಮಾನಿಗೆ ಇನ್ನೊಂದು ಉಕ್ಕಿನ ಪಟ್ಟಿ ಹಾಕಿಸುವುದು. ಅಣ್ಣನೂ ಹಾಕಿಸಿದ. ಲೋಡ್ ಮಾಡಿದರೂ ಗಾಡಿ ಮೊದಲಿನಷ್ಟು ಕುಸಿಯದೆ ಮಟ್ಟವಾಗಿ ನಿಂತಿತು. ಎಲ್ಲ ಸರಿಹೋಯಿತು ಎಂದುಕೊಂಡೆವು.

ಸ್ಟಿಯರಿಂಗ್ ನಡುಗಲು ಶುರುವಾದದ್ದು ಆಮೇಲೆ. ಸ್ಟಿಯರಿಂಗನ್ನು ಚಕ್ರಕ್ಕೆ ಜೋಡಿಸುವ ಟೈರಾಡ್ ಎಂಡ್ ಬದಲಾಯಿಸಿದ್ದಾಯಿತು. ಕೋಲಾರಕ್ಕೆ ಹೋಗಿ ಅಲೈನ್‌ಮೆಂಟ್ ಮಾಡಿಸಿದ್ದಾಯಿತು. ಖಾಲಿ ಗಾಡಿ ನೂಲು ಹಿಡಿದಂತೆ ನೇರ ಓಡುತ್ತಿತ್ತು, ತುಂಬಿದ ಗಾಡಿ ಮತ್ತೆ ನಡುಗುತ್ತಿತ್ತು.

"ಲೋಡ್ ಇದ್ರೆ ಮಾತ್ರ ಹಿಂಗಾಗುತ್ತೆ ಕಣೋ," ಎಂದೆ ಅಣ್ಣನಿಗೆ.

"ಲೋಡ್ ಹೊರ್ಸಿದ್ರೆ ನಾನೂ ನಡುಗ್ತೀನಿ. ಅದನ್ನೂ ಬರ್ಕೊ."

ಅದು ಒಂದು ಗುರುವಾರ, ಮಧ್ಯಾಹ್ನ ಕಳೆದಿತ್ತು. ಆ ಸೀಸನ್ನಿನಲ್ಲೇ ದೊಡ್ಡ ಲೋಡು. ನಾನು ಅಣ್ಣನ ಪಕ್ಕ ಕೂತಿದ್ದೆ. ಹಿಂದಿನಿಂದ ಹೆಂಗಸರ ನಗು ಕೇಳಿಸುತ್ತಿತ್ತು. ಬಾವಿಯ ತಿರುವು ಬಂದಾಗ ಅಣ್ಣ ಸ್ಟಿಯರಿಂಗ್ ಎಡಕ್ಕೆ ಎಳೆದ. ಅದು ಸಲೀಸಾಗಿ ತಿರುಗಿತು, ಗಾಡಿ ಮಾತ್ರ ತಿರುಗಲಿಲ್ಲ. ಮುಂದಿನ ಚಕ್ರಗಳು ಜಲ್ಲಿಯ ಮೇಲೆ ಉಜ್ಜಿಕೊಂಡು ಬಾವಿಯ ಕಡೆಗೇ ನೇರ ಜಾರತೊಡಗಿದವು. ಬ್ರೇಕ್ ಒತ್ತಿದ, ಹ್ಯಾಂಡ್‌ಬ್ರೇಕ್ ಎಳೆದ. ಬಾವಿಯಂಚಿನ ಲಂಟಾನ ಪೊದೆ ಬಂಪರಿಗೆ ತಾಗಿದಾಗ ಗಾಡಿ ನಿಂತಿತು.

"ಯಾರೂ ಅಲ್ಲಾಡ್ಬೇಡಿ!" ಅಣ್ಣ ಕೂಗಿದ.

"ಅಲ್ಲಾಡ್ದೆ ಸಾಯೋಣೇನೋ? ದಿಗಂಡಮ್ಮಾ, ದಿಗಂಡಿ!" ಎಂದು ಅವರಲ್ಲಿ ಹಿರಿಯಳಾದ ಅಜ್ಜಿ, ಇಳಿಯಿರೆಂದು ತೆಲುಗಿನಲ್ಲಿ ಗದರಿದಳು. ನಾಲ್ವರೂ ಧೊಪ್ಪನೆ ನೆಲಕ್ಕೆ ಹಾರಿದರು.

ಆಗ ನಮ್ಮ ಮುಂದಿದ್ದ ಬಾನೆಟ್ ಕುಕ್ಕರಿಸಿದಂತೆ ಕೆಳಗಿಳಿಯಿತು. ಗಾಡಿ ಜಾರುತ್ತಿದೆ ಎಂದೇ ತಿಳಿದೆ. ಆದರೆ ಪೊದೆ ಇದ್ದಲ್ಲೇ ಇತ್ತು.

ಅಣ್ಣ ನನ್ನ ಮುಖ ನೋಡಿದ. "ಮುಂದುಗಡೆ ಮೇಲಕ್ಕೆದ್ದಿತ್ತೇನೇ ಇಷ್ಟು ದಿನ?"

ಎದ್ದಿತ್ತು. ಭಾರವೆಲ್ಲ ಹಿಂದಿನ ಚಕ್ರಗಳಿಗಿಂತಲೂ ಹಿಂದೆ ಕೂತು ಮುಂದಿನ ಚಕ್ರಗಳನ್ನು ಎತ್ತುತ್ತಿತ್ತು; ಅದಕ್ಕೇ ಸ್ಟಿಯರಿಂಗ್ ನಡುಗುತ್ತಿದ್ದದ್ದು. ಮೊದಲು ಹಿಂಭಾಗ ಕುಸಿದು ಗಾಡಿ ನಮಗೆ ಎಚ್ಚರಿಕೆ ಕೊಡುತ್ತಿದ್ದದ್ದನ್ನು ಹೊಸ ಪಟ್ಟಿ ಮುಚ್ಚಿಹಾಕಿತ್ತು, ಅಷ್ಟೇ.

ಚಕ್ರಗಳಿಗೆ ಕಲ್ಲು ಕೊಟ್ಟೆವು. ಬಲೆ, ಗೋಣಿ ಎಲ್ಲವನ್ನೂ ಕೆಳಗೆಸೆದು, ಬೇನಿಷಾ ಕ್ರೇಟುಗಳನ್ನು ಕೈಯಿಂದ ಕೈಗೆ ದಾಟಿಸಿ ಕ್ಯಾಬಿನ್ನಿಗೆ ಒತ್ತಿ ಪೇರಿಸಿದೆವು. ನಾನು ಮತ್ತೆ ಒಳಗೆ ಹತ್ತಲು ಹೋದರೆ ಅಣ್ಣ ಬಾಗಿಲು ಬಿಡಲಿಲ್ಲ.

"ಅವ್ರ ಜೊತೆ ನಿಂತ್ಕೋ."

"ನೀನೊಬ್ನೇ ಯಾಕೆ?"

"ಹೋಗೇ ಅಂದ್ರೆ!"

ದಿಬ್ಬದ ಬದಿಗೆ ಸರಿದು ನಿಂತೆವು. ಅಜ್ಜಿ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು, ನೋಯುವಷ್ಟು ಬಿಗಿಯಾಗಿ. ಅಣ್ಣ ಮೊದಲು ರಿವರ್ಸ್ ಹಾಕಿದ. ಗಾಡಿ ಮುಲುಕುತ್ತಾ ಪೊದೆಯಿಂದ ಬಿಡಿಸಿಕೊಂಡಿತು. ಆಮೇಲೆ ಫಸ್ಟ್ ಗೇರಿನಲ್ಲಿ ಮುಂದೆ ಬಂದು ಎಡಕ್ಕೆ ಎಳೆದ. ಚಕ್ರಗಳು ಹೊರಳಿ ಮಣ್ಣನ್ನು ಕಚ್ಚಿದವು. ಹೊರಬದಿಯ ಚಕ್ರದಡಿಯಿಂದ ಒಂದು ಕಲ್ಲು ಸಿಡಿದು ಬಾವಿಗೆ ಬಿತ್ತು. ಅದು ನೀರಿಗೆ ತಾಗಿದ ಸದ್ದು ಕೇಳುವಷ್ಟರಲ್ಲಿ ಗಾಡಿ ತಿರುವು ದಾಟಿತ್ತು.

ಓಡಿ ಹೋದೆವು. ಅಣ್ಣ ಇಂಜಿನ್ ನಿಲ್ಲಿಸದೆ, ಸ್ಟಿಯರಿಂಗ್ ಬಿಡದೆ ಹಾಗೇ ಕೂತಿದ್ದ. ಅಂಗಿ ಬೆನ್ನಿಗೆ ಅಂಟಿತ್ತು.

"ಹತ್ತಜ್ಜಿ," ಎಂದ. "ಮುಂದುಗಡೆ, ಕ್ಯಾಬಿನ್ ಹತ್ರ ಕೂತ್ಕೊಳಿ. ಇನ್ನೇನಾಗಲ್ಲ."

"ಇವತ್ತು ಬೇಡಪ್ಪಾ. ಕಾಲಿದಾವೆ, ನಡೀತೀವಿ. ನಿನ್ನ ಮಂಡಿಯೋರು ನಿನ್ನ ಹಣ್ಣು ನೋಡ್ಲಿ, ನನ್ನ ಮನೆಯೋರು ನನ್ನ ಮುಖ ನೋಡ್ಲಿ."

ಅಣ್ಣ ನಗಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ. ಹೆಂಗಸರು ಸೆರಗು ಬಿಗಿದು ಮುಂದೆ ನಡೆದರು. ನಾನೂ ಅವರ ಜೊತೆ ಹೊರಟೆ. ಮಂಡಿಗೆ ಹೊತ್ತಾಗುತ್ತಿತ್ತು. ಪಕ್ಕದಲ್ಲಿ ದಾಟಿ ಹೋಗುವಷ್ಟು ಜಾಗ ಎರಡು ಕಡೆ ಸಿಕ್ಕರೂ ಅಣ್ಣ ದಾಟಲಿಲ್ಲ. ಟಾರು ರಸ್ತೆ ಸಿಗುವವರೆಗೂ ಅಜ್ಜಿಯ ನಡಿಗೆಗೆ ಸರಿಯಾಗಿ ಗಾಡಿಯನ್ನು ನಮ್ಮ ಹಿಂದೆಯೇ ಇಳಿಸಿಕೊಂಡು ಬಂದ.