ಉಸಿರು ನಿಲ್ಲುವ ನಿದ್ದೆ

ಮುಂಡರಗಿಯಿಂದ ತಂಗಿ ಬಂದಿದ್ದಳು. ಊಟ ಮುಗಿಸಿ, ಬೆಟಗೇರಿಯ ನಮ್ಮ ಮನೆಯಲ್ಲಿ ಮಗ್ಗದ ಪಕ್ಕವೇ ಚಾಪೆ ಹಾಸಿಕೊಂಡು ಅಡ್ಡಾಗಿದ್ದೆ. ಕೆನ್ನೆಗೆ ಪಟಪಟನೆ ಬಡಿದಂತಾಗಿ ಕಣ್ಣು ಬಿಟ್ಟರೆ ಅವಳು ನನ್ನ ಮೇಲೆ ಬಾಗಿ ಅಳುತ್ತಿದ್ದಳು.

"ಅಕ್ಕಾ, ನಿನ್ನ ಉಸುರು ನಿಂತಿತ್ತು," ಅಂದಳು.

ಗೊರಕೆ ಹೊಡೆಯುತ್ತಿದ್ದವಳು ಒಮ್ಮೆಲೇ ಸುಮ್ಮನಾದೆನಂತೆ. ಎದೆ ಏಳುತ್ತಿತ್ತು, ಇಳಿಯುತ್ತಿತ್ತು, ಆದರೆ ಮೂಗಿನ ಹತ್ತಿರ ಬೆರಳು ಹಿಡಿದರೆ ಗಾಳಿಯೇ ಇರಲಿಲ್ಲವಂತೆ. ನಾನು ನಕ್ಕು ಚಹಾ ಇಡಲು ಎದ್ದೆ. ಆದರೆ ಅವ್ವ ನೆನಪಾದಳು. ಲಕ್ಷ್ಮೇಶ್ವರದಲ್ಲಿದ್ದ ನಮ್ಮ ಅವ್ವ ಮಲಗಿದಲ್ಲೇ ಹೋದವಳು. ಅವಳದೂ ನನ್ನಂತೆಯೇ ಒಳಗೆ ಸರಿದ ಗಿಡ್ಡ ಗದ್ದ, ಅವಳದೂ ದೊಡ್ಡ ಗೊರಕೆ. ನೋವಿಲ್ಲದ ಪುಣ್ಯದ ಸಾವು ಎಂದು ಬಂದವರೆಲ್ಲ ಹೇಳಿದ್ದರು. ಈಗ ಆ ಮಾತನ್ನು ನಂಬಲಾಗಲಿಲ್ಲ.

ಆಮೇಲೆ ನಿದ್ದೆಗೇ ಹೆದರಿದೆ. ಗೋಡೆಗೆ ಒರಗಿ ಕೂತೇ ತೂಕಡಿಸುತ್ತಿದ್ದೆ. ಬೆಳಗ್ಗೆ ಎದ್ದರೆ ತಲೆ ಭಾರ, ದವಡೆ ಬಿಗಿತ. ರೊಟ್ಟಿ ಅಗಿದರೆ ಕಿವಿಯ ಮುಂದೆ ಕಟ್ ಎಂದು ಸದ್ದಾಗಿ ನೋವು ಕಪಾಳಕ್ಕೆ ಏರುತ್ತಿತ್ತು. ಆ ನೋವಿಗೆಂದೇ ಗದಗಿನ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಅವರು ಬಾಯಿ ತೆರೆಸಿ ನೋಡಿ, ಹಲ್ಲಿನ ಬಗ್ಗೆ ಬಿಟ್ಟು ಗೊರಕೆಯ ಬಗ್ಗೆ ಕೇಳಿದರು. ನಾನು ನಾಚಿ ತಲೆ ತಗ್ಗಿಸಿದೆ. ಜೊತೆಗಿದ್ದ ತಂಗಿಯೇ ಎಲ್ಲ ಹೇಳಿದಳು.

ಅವರು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಮೈಗೆಲ್ಲ ವೈರು ಅಂಟಿಸಿ ನಿದ್ದೆಯ ಪರೀಕ್ಷೆ ಮಾಡಿದರು. ದವಡೆ ಹಿಂದಿರುವುದರಿಂದ ನಿದ್ದೆಯಲ್ಲಿ ನಾಲಿಗೆ ಹಿಂದಕ್ಕೆ ಬಿದ್ದು ಉಸಿರಿನ ದಾರಿ ಮುಚ್ಚುತ್ತದೆ ಎಂದರು. ಮೊದಲು ಗಾಳಿ ಊದುವ ಮಷಿನ್ ಕೊಟ್ಟರು. ಅದರ ಮಾಸ್ಕ್ ಹಾಕಿಕೊಂಡರೆ ಯಾರೋ ಮುಖ ಒತ್ತಿ ಹಿಡಿದಂತೆ ಆಗುತ್ತಿತ್ತು. ತಿಂಗಳುಗಟ್ಟಲೆ ಹೆಣಗಿದರೂ ಒಗ್ಗಲಿಲ್ಲ. ಕೊನೆಗೆ ಮೇಲಿನ ಮತ್ತು ಕೆಳಗಿನ ದವಡೆ ಎರಡನ್ನೂ ಕತ್ತರಿಸಿ ಮುಂದಕ್ಕೆ ಕೂಡಿಸುವ ಆಪರೇಷನ್ನಿನ ಮಾತು ಬಂತು. ಉಸಿರಿಗೆ ಅನುಕೂಲ ಆಗಬಹುದು, ಆದರೆ ದವಡೆಯ ನೋವು ಪೂರ್ತಿ ಹೋಗುತ್ತದೆಂದು ಮಾತು ಕೊಡಲಾರೆ ಎಂದು ಸರ್ಜನ್ ಮೊದಲೇ ಹೇಳಿದರು.

ಕತ್ತರಿಸುವುದಕ್ಕಿಂತ ಅರಿವಳಿಕೆಗೆ ಹೆಚ್ಚು ಹೆದರಿದ್ದೆ. ಯಾವ ನಿದ್ದೆಯಿಂದ ಓಡುತ್ತಿದ್ದೆನೋ ಅದರೊಳಕ್ಕೇ ನನ್ನನ್ನು ತಳ್ಳುವವರಿದ್ದರು. ಸ್ಟ್ರೆಚರ್ ಮೇಲೆ ಮಲಗಿದಾಗ ಗಂಡನ ಕೈ ಬಿಡಲಿಲ್ಲ.

"ನನಗ ಎಚ್ಚರ ಆಗಲಿಲ್ಲಂದ್ರ?" ಅಂದೆ.

"ನಾ ಬಾಗಲದಾಗ ಕುಂತಿರ್ತೀನಿ," ಅಂದರು.

ಎಚ್ಚರವಾದಾಗ ಬಾಯಿ ತೆರೆಯಲು ಬರಲಿಲ್ಲ. ಹಲ್ಲುಗಳಿಗೆ ರಬ್ಬರ್ ಹಾಕಿ ಬಿಗಿದಿದ್ದರು. ಕೂಗಲು ಹೋದೆ, ಕೂಗು ಗಂಟಲಲ್ಲೇ ಉಳಿಯಿತು. ಮಂಚದ ತಲೆಗೆ ಒಂದು ಕತ್ತರಿ ತೂಗುಹಾಕಿದ್ದರು. ವಾಂತಿಯಾದರೆ ರಬ್ಬರ್ ಕತ್ತರಿಸಲು ಬೇಕೆಂದು ನರ್ಸ್ ತಂಗಿಗೆ ಹೇಳಿಕೊಟ್ಟಿದ್ದಳು. ಮರುದಿನ ನನಗೆ ಹೊಟ್ಟೆ ತೊಳಸಿ ಬಂತು. ತಂಗಿ ಕತ್ತರಿ ಕೈಗೆ ತೆಗೆದುಕೊಂಡೇಬಿಟ್ಟಳು. ಅದರ ಮೊನೆ ತುಟಿಯ ಹತ್ತಿರ ಬಂದಾಗ ನನಗೆ ಅದೇ ಇನ್ನೊಂದು ಭಯವಾಯಿತು. ನರ್ಸ್ ಓಡಿ ಬಂದು ನನ್ನನ್ನು ಎಬ್ಬಿಸಿ ಮುಂದಕ್ಕೆ ಬಾಗಿಸಿ, ಬಾಯೊಳಗಿನದನ್ನು ನಳಿಕೆಯಿಂದ ಎಳೆದಳು. "ಮೂಗಿಲೆ ಉಸುರು ತಗೋರಿ, ಸಾವಕಾಶ," ಎನ್ನುತ್ತಲೇ ಇದ್ದಳು. ಸತ್ತೆ ಎಂದೇ ತಿಳಿದಿದ್ದೆ. ಕತ್ತರಿ ಬೇಕಾಗಲಿಲ್ಲ.

ವಾರಗಟ್ಟಲೆ ಸಿರಿಂಜಿನಲ್ಲಿ ಗಂಜಿ, ಸೋಸಿದ ಸಾರು. ಬಾವು ಇಳಿದಾಗ ಕನ್ನಡಿಯಲ್ಲಿ ಗದ್ದ ಮುಂದೆ ಬಂದ ಬೇರೆ ಯಾರೋ ಹೆಂಗಸು. ಮತ್ತೆ ನಿದ್ದೆಯ ಪರೀಕ್ಷೆ ಮಾಡಿದಾಗ ಉಸಿರು ನಿಲ್ಲುವುದು ತೀರಾ ಕಡಿಮೆಯಾಗಿತ್ತು. ತಲೆನೋವು ಹೋಯಿತು. ದವಡೆಯ ಬಲಗಡೆ ಇನ್ನೂ ಕಟ್ ಅನ್ನುತ್ತದೆ. ಕೆಳತುಟಿ ಅರ್ಧ ಜೋಮು, ಚಹಾ ಸೋರಿದರೂ ಗೊತ್ತಾಗುವುದಿಲ್ಲ.

ಕಳೆದ ತಿಂಗಳು ಶಿರಹಟ್ಟಿಗೆ ಮದುವೆಗೆ ಹೊರಟಾಗ ಬಸ್ಸಿನಲ್ಲಿ ಅರಿವಿಲ್ಲದೆ ಕಣ್ಣು ಹತ್ತಿತು. ಎಚ್ಚರವಾದಾಗ ಮುಳಗುಂದ ದಾಟಿತ್ತು. ಪಕ್ಕದಲ್ಲಿ ನಮ್ಮ ಮನೆಯವರು ಕಿಟಕಿಯ ಕಡೆ ನೋಡದೆ ನನ್ನ ಮೂಗಿನ ಹತ್ತಿರ ಬೆರಳು ಹಿಡಿದು ಕೂತಿದ್ದರು.