‘ನಮ್ಮವರು’ ಪುಟ ಬರೆದವರು

ಪೀಣ್ಯ ಎರಡನೇ ಹಂತದ ಒಂದು ಬೋಲ್ಟು ಕಾರ್ಖಾನೆಯ ಆಫೀಸಿನಲ್ಲಿ ಪರಮಾನಂದ ಎಂಬವರಿದ್ದಾರೆ. ಮದುವೆಯಾಗಲಿಲ್ಲ. ಟಿ. ದಾಸರಹಳ್ಳಿಯಲ್ಲಿ ಒಂದು ರೂಮು. ಶನಿವಾರ ಸಂಜೆ ಬಾಗಿಲು ಹಾಕಿಕೊಂಡರೆ ಸೋಮವಾರದವರೆಗೆ ಅವರ ಬಾಯಿಂದ ಹತ್ತು ಮಾತು ಹೊರಟರೆ ಹೆಚ್ಚು, ಅದೂ ಹೋಟೆಲಿನವನ ಜೊತೆ.

ಕಂಪನಿಯ ವೆಬ್‌ಸೈಟು ತಿದ್ದುವ ಕೆಲಸ ಇವರ ಕೊರಳಿಗೆ ಬಿದ್ದದ್ದು ಮೂರು ವರ್ಷದ ಹಿಂದೆ. ಸೈಟು ಮಾಡಿಕೊಟ್ಟ ನಿವೇದಿತಾ ಎಂಬ ಹುಡುಗಿ ಅರ್ಧ ಗಂಟೆ ಪಕ್ಕದಲ್ಲಿ ಕೂತು ತೋರಿಸಿಕೊಟ್ಟಿದ್ದಳು. ಅಕ್ಷರದ ಮೇಲೆ ಒತ್ತಬೇಕು, ಅಳಿಸಬೇಕು, ಹೊಸದು ಬರೆಯಬೇಕು, ಮೇಲಿನ ನೀಲಿ ಗುಂಡಿ ಒತ್ತಬೇಕು. ಇಷ್ಟಕ್ಕೆ ಯಾವ ವಿದ್ಯೆಯೂ ಬೇಡ ಎಂದಿದ್ದಳು. ಆದರೂ ಪರಮಾನಂದರಿಗೆ ಮುಟ್ಟಿದರೆ ಎಲ್ಲಿ ಪೂರ್ತಿ ಕಂಪನಿಯೇ ಅಳಿಸಿಹೋದೀತೋ ಎಂಬ ಭಯ. ಮೊದಲು ಪೆನ್ಸಿಲಿನಲ್ಲಿ ಕಾಗದದ ಮೇಲೆ ಬರೆದು, ಆಮೇಲೇ ಕಂಪ್ಯೂಟರಿಗೆ ಹಾಕುತ್ತಿದ್ದರು.

ಅದರಲ್ಲಿ ‘ನಮ್ಮವರು’ ಎಂಬ ಪುಟವಿತ್ತು. ಅದು ಕನ್ನಡದಲ್ಲೇ ಇರಲಿ ಎಂಬುದು ಮಾಲೀಕ ಹರ್ಷವರ್ಧನ್ ಅವರ ಆಸೆ. ಆಯುಧಪೂಜೆಯ ದಿನ ಕುಂಕುಮ ಹಚ್ಚಿದ ತಂತಮ್ಮ ಮಿಷಿನ್ನಿನ ಮುಂದೆ ಎಲ್ಲರೂ ನಿಲ್ಲುತ್ತಿದ್ದರು, ಪರಮಾನಂದ ಫೋಟೋ ತೆಗೆಯುತ್ತಿದ್ದರು. ಒಬ್ಬೊಬ್ಬರಿಗೂ ಒಂದು ಸಾಲು ಬರೆಯುತ್ತಿದ್ದರು. ಲೇತ್ ಮಿಷಿನ್ನಿನ ಶೇಖರಪ್ಪನ ಫೋಟೋ ಕೆಳಗೆ, ‘ಸದ್ದು ಕೇಳಿಯೇ ಟೂಲು ಸವೆದಿದೆ ಎಂದು ಹೇಳಬಲ್ಲವರು’ ಎಂದಿತ್ತು. ಕಸ ಗುಡಿಸುವ ಅಂಜನಮ್ಮನಿಗೂ ಅಷ್ಟೇ ಚಂದದ ಸಾಲು.

ಈ ವರ್ಷ ದೊಡ್ಡ ಗಿರಾಕಿಯೊಬ್ಬರು ಕಾರ್ಖಾನೆ ನೋಡಲು ಬರುವುದಿತ್ತು. ಸೋಮವಾರದಿಂದ ಕೊರಳಲ್ಲಿ ಐಡಿ ಕಾರ್ಡಿಲ್ಲದವರನ್ನು ಗೇಟಿನೊಳಗೆ ಬಿಡುವಂತಿಲ್ಲ ಎಂದಾಯಿತು. ಹೆಸರು, ಫೋಟೋ ಎಲ್ಲವನ್ನೂ ಆ ಪುಟದಿಂದಲೇ ತೆಗೆದುಕೊಳ್ಳಿ ಎಂದು ಮಾಲೀಕರು ಪ್ರಿಂಟಿನವರಿಗೆ ಹೇಳಿದರು. ಹದಿನೇಳು ಕಾರ್ಡು ಬಂದವು. ಹಂಚಿದವರೂ ಪರಮಾನಂದರೇ. ಹಂಚಿ ಮುಗಿದ ಮೇಲೆ ಕೈ ಖಾಲಿಯಾಗಿತ್ತು. ತಮಗೊಂದು ಬಂದಿಲ್ಲ ಎಂದು ಆಗ ತಿಳಿಯಿತು.

ಮಾಲೀಕರಿಗೆ ಆಶ್ಚರ್ಯ. “ಪುಟದಲ್ಲಿ ನಿಮ್ಮ ಹೆಸರನ್ನ ಬಿಟ್ಟಿದ್ದು ಯಾರ್ರೀ?” ಎಂದರು.

“ನಾನೇ ಸಾರ್.”

ಇದಕ್ಕೇನು ಹೇಳುವುದು ಹೇಳಿ! ತಮ್ಮ ಹೆಸರನ್ನು ತಾವೇ ಬರೆದುಕೊಳ್ಳಲು ಅವರಿಗೆ ನಾಚಿಕೆಯಾಗಿತ್ತು. ನಿಮ್ಮದೆಲ್ಲಿ ಎಂದು ಇವತ್ತು ಯಾರಾದರೂ ಕೇಳುತ್ತಾರೆ, ನಾಳೆ ಕೇಳುತ್ತಾರೆ ಎಂದು ಒಳಗೊಳಗೇ ಕಾದಿದ್ದರು. ಯಾರೂ ಕೇಳಲಿಲ್ಲ. ಆ ನೋವು ಅವರಿಗಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ.

ಸಂಜೆಯೊಳಗೆ ಸೇರಿಸಿದರೆ ಕಾರ್ಡು ಮಾಡಿಸುತ್ತೇನೆ ಎಂದರು ಮಾಲೀಕರು. ಫೋಟೋ ತೆಗೆಯಲು ಪರಮಾನಂದ ಶೇಖರಪ್ಪನನ್ನು ಕರೆದರು. ಅವನು ಗ್ರೀಸಿನ ಕೈ ಒರೆಸಿಕೊಂಡು ಬಂದು ಒಂದೇ ಏಟಿಗೆ ತೆಗೆದ. ನನ್ನ ಬಗ್ಗೆ ಒಂದು ಸಾಲು ಹೇಳು ಎಂದು ಇವರು ಕೇಳಿಕೊಂಡರು.

ಶೇಖರಪ್ಪ ನಿಜಕ್ಕೂ ಯೋಚನೆ ಮಾಡಿದ. ತಲೆ ಕೆರೆದುಕೊಂಡ.

“ಬೆಳಗ್ಗೆ ಬರ್ತೀರ, ಕೂತ್ಕೋತೀರ, ಹೋಗ್ತೀರ. ನನ್ಗೆ ಅಷ್ಟೇ ಗೊತ್ತಿರೋದು ಸಾರ್. ಒಳ್ಳೇವ್ರು ಅಂತ ಬರ್ಕೊಳ್ಳಿ.”

ಅವನಲ್ಲಿ ಕೆಟ್ಟತನವೇನೂ ಇರಲಿಲ್ಲ. ಲೇತು ಓಡುತ್ತಿದೆ ಎಂದು ಹೊರಟುಹೋದ.

ಪರಮಾನಂದ ಫೋಟೋ ಹಾಕಿ, ಹೆಸರು ಬರೆದು, ಕೆಳಗಿನ ಸಾಲನ್ನು ಬಿಟ್ಟು ನೀಲಿ ಗುಂಡಿ ಒತ್ತಿದರು. ಈ ಜಾಗ ಖಾಲಿ ಬಿಡುವಂತಿಲ್ಲ ಎಂದು ಕೆಂಪಕ್ಷರ ಬಂತು. ಒಳ್ಳೆಯವರು ಎಂದು ಬರೆದರು, ಅಳಿಸಿದರು. ಹದಿನೇಳು ಜನರನ್ನು ಬಣ್ಣಿಸಿದ ಕೈಗೆ ಏನೂ ಹೊಳೆಯಲಿಲ್ಲ. ಕಣ್ಣು ಮಂಜಾಗಿ ಅಕ್ಷರ ಕಾಣದಾಯಿತು. ಕನ್ನಡಕ ಒರೆಸಿಕೊಂಡು ಕೊನೆಗೆ ಬರೆದರು: ‘ಇಪ್ಪತ್ತೆರಡು ವರ್ಷದಿಂದ ಇಲ್ಲಿದ್ದಾರೆ.’

ಕೆಂಪಕ್ಷರ ಹೋಯಿತು. ತಪ್ಪೇನಾದರೂ ಇದೆಯೇ ಎಂದು ಎರಡು ಸಲ ಓದಿದರು. ಇರಲಿಲ್ಲ.