ನಾಯಿಯ ಬಾಣಂತನ

ನಮ್ಮ ಮನೆಯ ನಾಯಿಯ ಮರಿಗಳು ಕಣ್ಣು ಬಿಟ್ಟು, ಜಗಲಿಯ ಮೇಲೆ ತೂರಾಡುತ್ತ ನಡೆಯಲು ಕಲಿಯುವ ಹೊತ್ತಿಗೆ ತಾಯಿಯ ಕೂದಲು ಉದುರಲು ಶುರುವಾಯಿತು. ಅಲ್ಲೊಂದು ಇಲ್ಲೊಂದು ಅಲ್ಲ. ಕಿವಿಯ ಹಿಂದೆ ಒಮ್ಮೆ ಕೆರೆದುಕೊಂಡರೆ ಒಂದು ಹಿಡಿ. ಮೈ ಒದರಿದರೆ ಹಳೆಯ ದಿಂಬು ಹರಿದ ಹಾಗೆ. ಪೊಮೆರೇನಿಯನ್ ಬೆರಕೆಯ ಬಿಳಿ ನಾಯಿ ಅದು. ಬಿಳಿ ಕೂದಲನ್ನು ಬಚ್ಚಿಡುವ ಬಣ್ಣದ ವಸ್ತು ನಮ್ಮ ಮನೆಯಲ್ಲಿ ಒಂದೂ ಇಲ್ಲವೆಂದು ನನಗೆ ಆಗಲೇ ತಿಳಿದದ್ದು. ರಾಗಿ ಮುದ್ದೆಯ ಮೇಲೆ, ಒಣಹಾಕಿದ ಅರಿಸಿನದ ಮೇಲೆ, ಮಗಳ ನೀಲಿ ಸ್ಕರ್ಟಿನ ಮೇಲೆ, ಅತ್ತೆಯ ಕಪ್ಪು ಕುಪ್ಪಸದ ತೋಳಿನ ಮೇಲೆ. ಒಂದು ದಿನ ದೇವರ ದೀಪದ ಎಣ್ಣೆಯಲ್ಲೂ ಒಂದೆಳೆ ತೇಲುತ್ತಿತ್ತು.

ಗುಡಿಸಿದರೆ ಕೂದಲು ಪೊರಕೆಯ ಮುಂದೆ ಹಾರಿ, ನಾನು ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಹಿಂದೆ ಬಂದು ಕೂರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆಗೆ ಅಂಟಿ, ಬಟ್ಟೆಯಿಂದ ಬಕೆಟ್ಟಿಗೆ, ಬಕೆಟ್ಟಿನಿಂದ ನನ್ನ ಕೈಗೆ. ಊಟಕ್ಕೆ ಕೂತ ನನ್ನ ಗಂಡ ಮುದ್ದೆಯಿಂದ ಒಂದೆಳೆ ಎಳೆದು ಬೆಳಕಿಗೆ ಹಿಡಿದು, "ಇದು ಅದರದಾ, ನಿಂದಾ? ನಿಂದೂ ಬೆಳ್ಳಗಾಯ್ತಾ ಅದ" ಎಂದು ನಕ್ಕರು. ಅದನ್ನು ನೆಲಕ್ಕೆ ಬಿಟ್ಟರು. ಗುಡಿಸುವವಳು ಇದ್ದಾಳಲ್ಲ.

ಕೂದಲೊಂದೇ ಆಗಿದ್ದರೆ ಗುಡಿಸಿಕೊಂಡು ಸುಮ್ಮನಿರುತ್ತಿದ್ದೆ. ನನ್ನ ಸಿಟ್ಟಿಗೆ ಕಾರಣ ಬೇರೆ. ಆ ನಾಯಿಯ ಬಾಣಂತನ ಮಾಡುತ್ತಿದ್ದವರು ನಮ್ಮ ಅತ್ತೆ.

ಬಾಣಂತನದಲ್ಲಿ ನಮ್ಮ ಅತ್ತೆಯದು ಎತ್ತಿದ ಕೈ ಎಂದು ದೊಡ್ಡಗಾಜನೂರಿನ ತನಕ ಮಾತಿದೆ. ತಮ್ಮ ಹೆಣ್ಣುಮಕ್ಕಳದ್ದು, ತಂಗಿಯರ ಮಕ್ಕಳದ್ದು, ಬೀದಿಯಲ್ಲಿ ತಾಯಿ ಇಲ್ಲದವರದ್ದು, ಎಲ್ಲ ಅವರೇ ಮಾಡಿದ್ದು. ನನ್ನದೊಂದು ಬಿಟ್ಟು. ಚೊಚ್ಚಲ ಹೆರಿಗೆಗೆ ನಾನು ಚಾಮರಾಜನಗರದ ತವರಿಗೆ ಹೋಗಿದ್ದೆ. ಮೂರು ತಿಂಗಳ ಕೂಸನ್ನು ಎತ್ತಿಕೊಂಡು ವಾಪಸು ಬಂದಾಗ ನನ್ನ ಕೂದಲು ಉದುರುವ ಕಾಲ. ಅತ್ತೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಇನ್ನೊಂದು ಕೈಯಲ್ಲಿ ನನ್ನ ಜಡೆಯ ತುದಿ ಹಿಡಿದು, ನೋಡಲು ಬಂದಿದ್ದ ಹೆಂಗಸರಿಗೆಲ್ಲ ತೋರಿಸಿದರು.

"ನೋಡ್ರಮ್ಮಿ, ಇಲಿ ಬಾಲ. ಇವ್ರವ್ವ ನ್ಯಾಯವಾಗಿ ಬಾಣಂತನ ಮಾಡ್ನಿಲ್ಲ."

ಆಗ ಹಿಡಿದ ಮಾತನ್ನು ಅವರು ಬಿಟ್ಟಿಲ್ಲ. ನಾನು ಸೀನಿದರೆ ಅದೇ, ಮಂಡಿ ಹಿಡಿದುಕೊಂಡು ಎದ್ದರೆ ಅದೇ. ಮಗಳು ಈಗ ನನ್ನ ಭುಜದೆತ್ತರ ಬೆಳೆದಿದ್ದಾಳೆ; ಅವಳಿಗೆ ನೆಗಡಿಯಾದರೂ ಅದೇ. ಹಬ್ಬಕ್ಕೆ ನಮ್ಮಮ್ಮ ಬಂದು ಜಗಲಿಯಲ್ಲಿ ಕೂತಿರುವಾಗಲೂ ಅತ್ತೆ ನಗುನಗುತ್ತಲೇ ಹೇಳುತ್ತಿದ್ದರು: "ನಿಮ್ ಮಗಳು ಕೂದ್ಲ ನಿಮ್ಮನೇಲೇ ಬುಟ್ಟು ಬಂದ್ಬುಟ್ಲು ಕಣವ್ವ." ಅಮ್ಮ ಸೆರಗಿನ ಅಂಚು ಸರಿಮಾಡಿಕೊಂಡು ಕಾಫಿ ಲೋಟ ನೋಡುತ್ತಿದ್ದರು. ಸೊಂಟ ನೋವಿದ್ದರೂ ಹಂಡೆಯಿಂದ ನೀರು ಮೊಗೆಮೊಗೆದು ಎರೆದವರು, ಸಾಂಬ್ರಾಣಿ ಹೊಗೆಯ ಮೇಲೆ ಬುಟ್ಟಿ ಕವುಚಿ ನನ್ನ ಕೂದಲನ್ನು ಎಳೆ ಎಳೆಯಾಗಿ ಬಿಡಿಸಿ ಒಣಗಿಸಿದವರು. ಕಾನ್ವೆಂಟಿನಲ್ಲಿ ಸಿಸ್ಟರುಗಳು ಹಿರಿಯರಿಗೆ ಎದುರಾಡಬಾರದೆಂದು ಕಲಿಸಿದ್ದರು. ನಾನು ಬಹಳ ಚೆನ್ನಾಗಿ ಕಲಿತುಬಿಟ್ಟೆ.

ಹೀಗಿರುವಾಗ ನಾಯಿ ಬಚ್ಚಲು ಮನೆಯ ಸೌದೆಯ ಹಿಂದೆ ಮರಿ ಹಾಕಿತು. ಅತ್ತೆ ಟೊಂಕ ಕಟ್ಟಿದರು. ಗೋಣಿಚೀಲ ಹಾಸಿದರು, ಸಂಜೆ ಸಾಂಬ್ರಾಣಿ ಹಾಕಿದರು. ಅಲ್ಲಿಯ ತನಕ ಸರಿ. ಆಮೇಲೆ ಮೆಣಸು ಬೆಳ್ಳುಳ್ಳಿ ಅರೆದು ಸಾರು ಕಾಯಿಸಿ ಅನ್ನಕ್ಕೆ ಕಲಸಿದರು. ಆಮೇಲೆ ನೀರಿನ ಬಟ್ಟಲು ಎತ್ತಿಟ್ಟರು.

"ಅತ್ತೆ, ನೀರು ಯಾಕೆ ಎತ್ತಿದಿರಿ?"

"ಬಾಣಂತಿಗ ನೀರು ಕೊಟ್ರ ಒಟ್ಟೆ ಮುಂದ್ಕ ಬತ್ತದ ಕಣಮ್ಮಿ."

"ಅದು ನಾಯಿ ಅತ್ತೆ."

"ನಾಯಾದ್ರೇನು? ಮರಿ ಎತ್ತೋಳಲ್ವಾ?"

ನಾಲ್ಕು ಮರಿಗಳು ಮೊಲೆ ಕಚ್ಚಿಕೊಂಡು ಎಳೆಯುತ್ತಿದ್ದವು. ತಾಯಿ ನಾಲಿಗೆ ಹೊರಗೆ ಹಾಕಿ ಬಚ್ಚಲ ಒದ್ದೆ ಕಲ್ಲನ್ನು ನೆಕ್ಕುತ್ತಿತ್ತು. ನಾನು ಬಟ್ಟಲು ತುಂಬಿ ಇಟ್ಟರೆ ಅತ್ತೆ ಅದನ್ನು ಕರಿಬೇವಿನ ಗಿಡಕ್ಕೆ ಸುರಿದು ಬರುತ್ತಿದ್ದರು. ಕಡೆಗೆ ದನದ ಕೊಟ್ಟಿಗೆಯ ಹಿಂದೊಂದು, ಬಾಳೆಯ ಬುಡದಲ್ಲೊಂದು, ಮೋಟಾರು ಶೆಡ್ಡಿನ ನೆರಳಿನಲ್ಲೊಂದು ಹೀಗೆ ಹಳೆಯ ಡಬ್ಬಿಗಳಲ್ಲಿ ನೀರಿಟ್ಟೆ. ನಮ್ಮದೇ ಮನೆಯಲ್ಲಿ ಕಳ್ಳಿಯ ಹಾಗೆ ನೀರು ಹೊರುವುದು. ಆ ವರ್ಷ ಕರಿಬೇವು ಮಾತ್ರ ಸೊಂಪಾಗಿ ಚಿಗುರಿತು.

ಕೂದಲು ಉದುರತೊಡಗಿದಾಗ ಅತ್ತೆ ಮೊದಲು ನೋಡಿಯೂ ನೋಡದ ಹಾಗಿದ್ದರು. ಆಮೇಲೆ ಪಕ್ಕದ ಮನೆಯಾಕೆ ಸೊಪ್ಪು ಕೇಳಲು ಬಂದವಳು, ನಾಯಿಯ ತೊಡೆಯ ಹಿಂದೆ ಸವೆದ ಚಾಪೆಯಂತಾದದ್ದನ್ನು ನೋಡಿ ಬಾಯಿಯ ಮೇಲೆ ಕೈಯಿಟ್ಟಳು.

"ಏನಕ್ಕೋ, ನಿನ್ ಬಾಣಂತನದಲ್ಲಿ ನಾಯಿ ಇಂಗೆ ಬೋಳಾಯ್ತಾ ಅದ?"

ನಾನು ಅಡುಗೆಮನೆಯ ಕಿಟಕಿಯಲ್ಲಿದ್ದೆ. ಅತ್ತೆಯ ಮುಖ ನೋಡಿದೆ. ಈಗ ಹೇಳಲೇಬೇಕು, ಮಕ್ಕಳ ಎತ್ತೋರಿಗೆಲ್ಲ ಕೂದ್ಲು ಉದುರ್ತದ ಕಣಮ್ಮಿ ಅಂತ ಒಂದು ಸಲ ಅವರ ಬಾಯಿಂದ ಬಂದರೆ ಸಾಕು, ಅಷ್ಟು ವರ್ಷದ ಮಾತು ನಮ್ಮಮ್ಮನ ತಲೆಯಿಂದ ಇಳಿಯುತ್ತದೆ. ಸೌಟು ಹಿಡಿದು ಕಾದೆ.

"ನಾ ಏನ್ ಮಾಡ್ಲಮ್ಮಿ?" ಎಂದರು ಅತ್ತೆ, ಕಿಟಕಿಗೆ ಕೇಳಿಸುವಂತೆ. "ನಮ್ಮ ಸೊಸೆ ಕದ್ದು ಕದ್ದು ನೀರು ಕುಡಿಸ್ಬುಟ್ಲು. ಶೀತ ಏರದಾ ಇದ್ದದಾ?"

ಮರುದಿನದಿಂದ ಬಾಣಂತನ ಎರಡು ಪಟ್ಟಾಯಿತು. ಹರಳೆಣ್ಣೆ ಕಾಯಿಸಿ ನಾಯಿಯ ಮೈಗೆಲ್ಲ ತೀಡಿ, ಹಂಡೆಯ ಬಿಸಿನೀರು ಎರೆದರು. ಇಲ್ಲಿಯ ತನಕ ಹಾರುತ್ತಿದ್ದ ಕೂದಲು ಈಗ ಎಣ್ಣೆಯ ಜೊತೆ ಗೋಡೆಗೆ, ಬಾಗಿಲಿಗೆ, ನನ್ನ ಸೀರೆಯ ನೆರಿಗೆಗೆ ಮೆತ್ತಿಕೊಳ್ಳತೊಡಗಿತು. ನಾಯಿ ಎಣ್ಣೆ ನೆಕ್ಕಿ ನೆಕ್ಕಿ ಭೇದಿ ಮಾಡಿಕೊಂಡಿತು. ಮರಿಗಳು ಎಣ್ಣೆಹೊಟ್ಟೆಯ ಮೇಲೆ ಜಾರಿ, ಮೊಲೆ ಸಿಗದೆ ಕುಂಯ್‌ಗುಟ್ಟಿದವು. ಅವುಗಳ ಮೂತಿಗೆಲ್ಲ ಬಿಳಿ ಮೀಸೆ. ಇದಿಷ್ಟನ್ನೂ ತೊಳೆದವಳು ನಾನು.

ಗಂಡನನ್ನು ಕಾಡಿ, ಎಲೆಕೋಸಿನ ಮೂಟೆ ಹೊತ್ತ ಟೆಂಪೋದಲ್ಲೇ ನಾಯಿಯನ್ನು ಮಡಿಲಲ್ಲಿ ಕೂರಿಸಿಕೊಂಡು ತಾಳವಾಡಿಯ ಮಾಟ್ಟಾಸ್ಪತ್ರೆಗೆ ಹೋದೆ. ದನದ ಆಸ್ಪತ್ರೆಗೆ ಇಲ್ಲಿ ಎಲ್ಲರೂ ಅನ್ನುವುದು ಹಾಗೇ. ಡಾಕ್ಟರು ಈರೋಡಿನ ಕಡೆಯವರು, ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾಯಿಯ ಕೂದಲನ್ನು ಬೈತಲೆ ತೆಗೆದಂತೆ ಬಿಡಿಸಿ ಬಿಡಿಸಿ ಚರ್ಮ ನೋಡಿದರು. ಕಜ್ಜಿ ಇಲ್ಲ, ಹುಣ್ಣಿಲ್ಲ, ಉಣ್ಣೆಹುಳವೂ ಇಲ್ಲ. ಮರಿ ಹಾಕಿದ ಮೇಲೆ ಇದು ಇದ್ದದ್ದೇ, ತಿಂದದ್ದೆಲ್ಲ ಹಾಲಿಗೆ ಹೋಗುತ್ತದೆ, ಕೂದಲಿಗೆ ಉಳಿಯುವುದಿಲ್ಲ ಎಂದರು. ನೀರು ಸದಾ ಇರಬೇಕು. ಬೇಯಿಸಿದ ಮೊಟ್ಟೆ, ಮಾಂಸ, ಅಂಗಡಿಯಲ್ಲಿ ಸಿಗುವ ಮರಿಗಳ ಆಹಾರವನ್ನೇ ತಾಯಿಗೂ. ಬೆಳ್ಳುಳ್ಳಿ ಬೇಡ, ಎಣ್ಣೆ ಬೇಡ, ಬೋಳಿಸುವುದಂತೂ ಬೇಡವೇ ಬೇಡ. ದಿನಾ ಬಾಚಿ, ಸತ್ತ ಕೂದಲು ಬಾಚಣಿಗೆಗೆ ಬರಲಿ. ಸ್ನಾನ ಮರಿಗಳು ಹಾಲು ಬಿಟ್ಟ ಮೇಲೆ.

"ಮನುಷರಿಗೂ ಅಪ್ಪಡಿ ತಾನೇಮ್ಮಾ," ಎಂದರು ಅರ್ಧ ತಮಿಳಿನಲ್ಲಿ, ಕೈ ತೊಳೆಯುತ್ತ. "ಮೂರು ತಿಂಗಳಿಗೆ ಉದುರ್ತದೆ, ಆಮೇಲೆ ತಾನೇ ಬರ್ತದೆ. ಯಾರ ತಪ್ಪೂ ಇಲ್ಲ."

ಈ ಮಾತನ್ನು ಗಂಡ ಕೇಳಿಸಿಕೊಳ್ಳಲಿ ಎಂದು ತಿರುಗಿದೆ. ಅವರು ಬಾಗಿಲಾಚೆ ಕೋಸಿನ ವ್ಯಾಪಾರಿಯ ಜೊತೆ ಫೋನಿನಲ್ಲಿ ಜಗಳಕ್ಕೆ ನಿಂತಿದ್ದರು. ವಾಪಸು ಬರುವಾಗ ದಾರಿಯುದ್ದಕ್ಕೂ ಎಲ್ಲವನ್ನೂ ಬಿಡಿಸಿ ಹೇಳಿ, "ನೀವೇ ಹೇಳಿ, ನಿಮ್ಮ ಮಾತಾದರೆ ಕೇಳುತ್ತಾರೆ" ಅಂದೆ. ಮನೆಗೆ ಬಂದು ಚಪ್ಪಲಿ ಬಿಡುತ್ತ ಅವರು ಹೇಳಿದ್ದು ಇಷ್ಟು: "ಡಾಕ್ಟ್ರಮ್ಮ ಏನೋ ಮೊಟ್ಟೆ ಆಕ್ಬೇಕು ಅಂದ್ರು ಕಣವ್ವ."

"ಮೊಟ್ಟೆ ತಾನೆ? ಆಕುದ್ರಾಯ್ತು ಬುಡ್ಲಾ" ಎಂದರು ಅತ್ತೆ. ಅಲ್ಲಿಗೆ ಮುಗಿಯಿತು.

ಆಮೇಲೆ ನಾನು ಯಾರನ್ನೂ ಕೇಳಲಿಲ್ಲ. ಬೆಳಿಗ್ಗೆ ಮಗಳನ್ನು ಬಸ್ಸು ಹತ್ತಿಸಿ ಬಂದು, ಕೊಟ್ಟಿಗೆಯ ಪಕ್ಕದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಾಯಿಯನ್ನು ನಿಲ್ಲಿಸಿಕೊಳ್ಳುತ್ತಿದ್ದೆ. ಅಂಗೈಯನ್ನು ಒದ್ದೆ ಮಾಡಿಕೊಂಡು ಮೈಮೇಲೆ ಆಡಿಸಿದರೆ ಕೂದಲು ಹಾರುವುದಿಲ್ಲ. ಅದನ್ನು ನಾನೇ ಕಂಡುಕೊಂಡೆ. ಅಗಲ ಹಲ್ಲಿನ ಬಾಚಣಿಗೆಯಲ್ಲಿ ಕುತ್ತಿಗೆಯಿಂದ ಬಾಲದ ಕಡೆಗೆ, ಎಳೆಯದೆ, ಸಿಕ್ಕು ಸಿಕ್ಕಿದಲ್ಲಿ ಬೆರಳಲ್ಲಿ ಬಿಡಿಸಿ. ಮೊಲೆಗಳ ಸುತ್ತ ಹಾಲೂ ಕೂದಲೂ ಸೇರಿ ಗಂಟಾಗಿತ್ತು. ಅದನ್ನು ಮಗಳ ಕ್ರಾಫ್ಟ್ ಕತ್ತರಿಯಿಂದ, ಚರ್ಮಕ್ಕೂ ಕತ್ತರಿಗೂ ನಡುವೆ ನನ್ನ ಬೆರಳಿಟ್ಟು ಕತ್ತರಿಸಿದೆ. ಒಳಗೆ ಮರಿಗಳ ಉಗುರಿನ ಗೀರುಗಳಿದ್ದವು, ಕೆಂಪು ದಾರದಂತೆ. ನಾಯಿ ನನ್ನ ಮೊಣಕೈಯ ಮೇಲೆ ಗದ್ದವಿಟ್ಟು ನಿಂತಿರುತ್ತಿತ್ತು. ಬೆನ್ನಮೂಳೆ ಬೆರಳಿಗೆ ಒಂದೊಂದಾಗಿ ತಾಕುತ್ತಿತ್ತು. ಬಾಚಿ ತೆಗೆದದ್ದನ್ನು ಸಕ್ಕರೆಯ ಕವರಿನಲ್ಲಿ ತುರುಕಿದರೆ ಕವರು ತುಂಬಿ ಬಾಯಿ ಬಿಡುತ್ತಿತ್ತು. ಇಷ್ಟು ಕೂದಲು ಈ ಇಷ್ಟೇ ಇಷ್ಟು ನಾಯಿಯಲ್ಲಿ ಎಲ್ಲಿತ್ತೋ!

"ಮದ್ವೆ ಎಣ್ಣು ಸಿಂಗಾರ ಆಯ್ತಾ?" ಎಂದು ಅತ್ತೆ ಕೊಟ್ಟಿಗೆಯಿಂದ ಕೇಳುತ್ತಿದ್ದರು. ನಾನು ಬಾಚುತ್ತಲೇ ಇರುತ್ತಿದ್ದೆ. ಬೆಳ್ಳುಳ್ಳಿ ಸಾರಿನ ಅನ್ನ ಬಟ್ಟಲಿಗೆ ಬಿದ್ದರೆ ಸದ್ದಿಲ್ಲದೆ ಎತ್ತಿ ಗೊಬ್ಬರದ ಗುಂಡಿಗೆ ಹಾಕಿ, ಮೊಟ್ಟೆ ಅನ್ನ ಕಲಸಿಡುತ್ತಿದ್ದೆ. ಹರಳೆಣ್ಣೆ ಸೀಸೆಯನ್ನು ರಾಗಿಯ ಡ್ರಮ್ಮಿನ ಹಿಂದೆ ಸೇರಿಸಿದೆ. ಅತ್ತೆ ಅದನ್ನು ಒಂದು ವಾರ ಹುಡುಕಿದರು. ನನಗೆ ಪಶ್ಚಾತ್ತಾಪ ಆಗಲಿಲ್ಲ.

ಮರಿಗಳು ಹಾಲು ಬಿಟ್ಟವು. ಎರಡು ಗೆಟ್ಟವಾಡಿಗೆ ಹೋದವು, ಒಂದು ಕೋಸಿನ ವ್ಯಾಪಾರಿಯ ಮನೆಗೆ, ಒಂದನ್ನು ಮಗಳು ಕೊಡಲಿಲ್ಲ. ತಾಯಿಗೆ ಬಿಸಿಲೇರಿದ ಮೇಲೆ ಉಗುರುಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿಸಿ ಕೂದಲ ಬುಡದ ತನಕ ಒಣಗಿಸಿದೆ. ಕೆಲವು ವಾರಕ್ಕೆ ಬೆನ್ನಿನ ಮೇಲೆ ಗಿಡ್ಡ ಕೂದಲು, ಹೊಸ ಬ್ರಷ್ಷಿನಷ್ಟು ಒತ್ತೊತ್ತಾಗಿ ಕಾಣಿಸಿತು. ಆಮೇಲೆ ತೊಡೆಯಲ್ಲಿ. ಕಡೆಗೆ ಬಾಲವೂ ತುಂಬಿಕೊಂಡಿತು. ನೆಲದ ಮೇಲೆ ಕೂದಲಿಲ್ಲದ ಮೊದಲ ಬೆಳಿಗ್ಗೆ ಅಭ್ಯಾಸಬಲದಿಂದ ಎರಡು ಸಲ ಗುಡಿಸಿದೆ.

ಪಕ್ಕದ ಮನೆಯಾಕೆ ಮತ್ತೆ ಬಂದಾಗ ಅತ್ತೆ ತಾವೇ ನಾಯಿಯನ್ನು ಕರೆದು ಮುಂದೆ ನಿಲ್ಲಿಸಿದರು.

"ಈಗ ನೋಡಮ್ಮಿ. ಎಂಗದ? ಬಾಣಂತನ ಅಂದ್ರ ಇದು ಕಣ."

ನನ್ನ ಕೈಯಲ್ಲಿ ಆಗ ಬಾಚಣಿಗೆಯೇ ಇತ್ತು. ಅಷ್ಟು ವರ್ಷಕ್ಕೆ ಮೊದಲ ಸಲ, ಮೆಲ್ಲಗೇ ಆದರೂ ಕೇಳಿದೆ: "ನನ್ನ ಕೂದಲೂ ಆಮೇಲೆ ಬಂತಲ್ಲ ಅತ್ತೆ. ಅದು ಯಾರ ಬಾಣಂತನ?"

ಅತ್ತೆ ಒಂದು ಗಳಿಗೆ ನನ್ನ ಜಡೆ ನೋಡಿದರು.

"ಅದು ನೀ ಇಲ್ಲಿಗೆ ಬಂದ್ಮೇಲೆ ಬಂದದ್ದು ಕಣಮ್ಮಿ. ನಮ್ಮೊಲದ ರಾಗಿಗೆ."

ಪಕ್ಕದ ಮನೆಯಾಕೆ ನಕ್ಕಳು. ಜಗಲಿಯಲ್ಲಿದ್ದ ಗಂಡನೂ ನಕ್ಕರು. ನಾನು ಒಳಗೆ ಹೋಗಿ ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆದೆ. ಆಮೇಲೆ ಹಿತ್ತಲಿಗೆ ಬಂದು ಅಮ್ಮನಿಗೆ ಫೋನ್ ಮಾಡಿ ನಾಯಿಯ ಕಥೆ ಎಲ್ಲ ಹೇಳಿ, ಕಡೆಗೆ ಡಾಕ್ಟರ ಮಾತನ್ನೂ ಹೇಳಿದೆ. "ಹೆತ್ತವರಿಗೆಲ್ಲ ಉದುರುತ್ತದಂತೆ ಅಮ್ಮ. ನಿನ್ನ ತಪ್ಪಲ್ಲ."

"ನಂಗೊತ್ತಿಲ್ವಾ ಮಗ? ನೀನು ಹುಟ್ಟಿದಾಗ ನಂದೂ ಉದುರಿತ್ತು. ಆಗ ನಮ್ಮತ್ತೆ ನಮ್ಮಮ್ಮನ್ನ ಬೈದ್ರು."

"ಮತ್ತೆ ಇಷ್ಟು ವರ್ಷ ಅವರ ಮುಂದೆ ಯಾಕೆ ಬಾಯಿ ಬಿಡಲಿಲ್ಲ?"

"ನಾನು ಒಂದು ಮಾತಾಡಿ ಬಸ್ಸು ಹತ್ತಿ ಬಂದ್ಬಿಡ್ತೀನಿ. ಅಲ್ಲಿರೋಳು ನೀನು." ಅಷ್ಟಂದು, "ಮರಿ ಒಂದು ಉಳಿಸ್ಕೊಂಡಿದ್ದೀರಾ? ಅದಕ್ಕೆ ಜಂತುಹುಳದ ಔಷಧ ಹಾಕಿಸಿದ್ಯಾ?" ಎಂದರು.

ಫೋನ್ ಇಟ್ಟಾಗ ಸಿಟ್ಟು ಇಮ್ಮಡಿಯಾಗಿತ್ತು, ಮತ್ತು ಅದರಲ್ಲಿ ಅರ್ಧ ಅಮ್ಮನ ಮೇಲೆಯೇ. ನನ್ನ ಸಲುವಾಗಿ ಅವರು ನುಂಗಿದರು, ಅವರನ್ನು ನೋಡಿ ನಾನೂ ನುಂಗಿದೆ. ಮಗಳು ಮೆಟ್ಟಿಲ ಮೇಲೆ ಕೂತು ಮರಿಯ ಕಿವಿ ತಿರುಗಿಸಿ ನೋಡುತ್ತಿದ್ದಳು. ಇನ್ನು ಇವಳ ಸರದಿಯೇ?

ಸಂಜೆ ಅತ್ತೆ ಜಗಲಿಯಲ್ಲಿ ಮೊರ ಹಿಡಿದು ಅವರೆಕಾಳು ಹಸನು ಮಾಡುತ್ತಿದ್ದರು. ನಾನು ಹೋಗಿ ಎದುರಿಗೆ ನಿಂತೆ. ಈ ಸಲ ಮಾತು ಪೂರ್ತಿ ಬಂತು.

"ನಮ್ಮಮ್ಮ ನನ್ನ ಬಾಣಂತನ ಚೆನ್ನಾಗಿಯೇ ಮಾಡಿದರು ಅತ್ತೆ. ಒಂದು ಕೊರತೆಯೂ ಮಾಡಲಿಲ್ಲ."

ಅತ್ತೆ ಮೊರದಿಂದ ಕಣ್ಣೆತ್ತಿ, ನಿಜಕ್ಕೂ ಆಶ್ಚರ್ಯಪಟ್ಟವರಂತೆ ನನ್ನನ್ನು ನೋಡಿದರು.

"ಯಾರಮ್ಮಿ ಇಲ್ಲ ಅಂದೋರು?"